ನ್ಯೂಟನ್ ತಪ್ಪೇ? ಪೀಣ್ಯದಿಂದ ಒಂದು ತಡವಾದ ಉತ್ತರ



ಕೆಲವು ತಿಂಗಳ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಪಕ್ಕದಲ್ಲಿ ಬಂದು ಕುಳಿತನು. ಪೀಣ್ಯದಲ್ಲಿ ಎರಡು ಲೇತ್ ಯಂತ್ರಗಳನ್ನಿಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುತ್ತಿರುವ ಆತ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಸಾರ್, ನೀವು ಅವತ್ತು ಹೇಳಿದ ಮಾತನ್ನೇ ಮೊನ್ನೆ ನನ್ನ ಮಗಳಿಗೂ ಹೇಳಿದೆ" ಎಂದನು. ಯಾವ ಮಾತು ಎಂದು ಸಂತೋಷದಿಂದಲೇ ಕೇಳಿದೆ.

ಹತ್ತನೆಯ ತರಗತಿಯಲ್ಲಿದ್ದಾಗ ಆತ ಎಲ್ಲಿಯೋ ಓದಿಕೊಂಡು ಬಂದು, "ಕ್ವಾಂಟಂ ಸಿದ್ಧಾಂತ ಬಂದ ಮೇಲೆ ನ್ಯೂಟನ್ ತಪ್ಪು ಅಂತಾಯ್ತಲ್ಲ ಸಾರ್, ಮತ್ತೆ ನಾವ್ಯಾಕೆ ಅದನ್ನು ಓದಬೇಕು?" ಎಂದು ಕೇಳಿದ್ದನಂತೆ. ನಾನು, "ಪರೀಕ್ಷೆಗೆ ಬರುತ್ತದೆ, ಅದಕ್ಕೇ ಓದಬೇಕು, ಕೂತುಕೋ" ಎಂದಿದ್ದೆನಂತೆ. ತರಗತಿ ನಕ್ಕಿತಂತೆ. ಈಗ ಪಿ.ಯು.ಸಿ. ಓದುತ್ತಿರುವ ಅವನ ಮಗಳು ಅದೇ ಪ್ರಶ್ನೆಯನ್ನು ಅಪ್ಪನಿಗೆ ಕೇಳಿದಾಗ, ಅವನು ಗುರುವಿನ ಉತ್ತರವನ್ನೇ ಶ್ರದ್ಧೆಯಿಂದ ದಾಟಿಸಿದ್ದಾನೆ. ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಗೌರವವಿತ್ತು. ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಸತ್ಯವೇನೆಂದರೆ, ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಆದರೆ ಉತ್ತರವು ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಿದ್ದ ಪೀಣ್ಯದ ಶೆಡ್ಡುಗಳಲ್ಲಿಯೇ ಇತ್ತು. ಆದ್ದರಿಂದ ಈ ಲೇಖನವನ್ನು ಆ ಹುಡುಗಿಗಾಗಿ, ಅವಳ ಅಪ್ಪನಿಗಾಗಿ, ಮತ್ತು ಅಂದು ನಕ್ಕ ನಿಮ್ಮೆಲ್ಲರಿಗಾಗಿ ಬರೆಯುತ್ತಿದ್ದೇನೆ.

1972ರಲ್ಲಿ ಭಾರತವು ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡಿತು. ಉಪಗ್ರಹವನ್ನು ನಾವು ಕಟ್ಟಬೇಕು, ಅವರು ಹಾರಿಸಿಕೊಡಬೇಕು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ಈ ಕಾರ್ಯದ ನಾಯಕರಾದರು. ಕೆಲಸಕ್ಕೆ ಆರಿಸಿಕೊಂಡದ್ದು ಭವ್ಯವಾದ ಕಟ್ಟಡವನ್ನಲ್ಲ, ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡುಗಳನ್ನು. ಅಕ್ಕಪಕ್ಕದಲ್ಲಿ ಕಬ್ಬಿಣ ಕೊರೆಯುವ ಸದ್ದಿರುವಲ್ಲಿ, ಧೂಳು ಸೇರದಂತೆ ಒಳಗೆ ಶುದ್ಧ ಕೋಣೆಗಳನ್ನು ನಿರ್ಮಿಸಿಕೊಂಡು, ಅದುವರೆಗೆ ಉಪಗ್ರಹವೊಂದನ್ನು ಕಟ್ಟಿ ಅನುಭವವಿಲ್ಲದ ಯುವಕ ಯುವತಿಯರು 'ಆರ್ಯಭಟ'ವನ್ನು ಜೋಡಿಸಿದರು. ಸುಮಾರು 360 ಕಿಲೋ ತೂಕದ, 26 ಮುಖಗಳ ಆ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪೂಸ್ತಿನ್ ಯಾರ್‌ನಿಂದ ಮೇಲೇರಿತು.

ಈಗ ಪ್ರಶ್ನೆಗೆ ಬರೋಣ. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ, ಎಂಜಿನ್ನಿಲ್ಲದೆ ಅದು ಬೀಳದೆ ನಿಂತದ್ದು ಹೇಗೆ? ಅದು ನಿಂತಿರಲಿಲ್ಲ, ಬೀಳುತ್ತಲೇ ಇತ್ತು. ಎತ್ತರದ ಬೆಟ್ಟದ ಮೇಲಿನಿಂದ ಫಿರಂಗಿ ಗುಂಡನ್ನು ಸಾಕಷ್ಟು ವೇಗದಿಂದ ಹಾರಿಸಿದರೆ ಅದು ನೆಲಕ್ಕೆ ಬೀಳದೆ ಭೂಮಿಯನ್ನೇ ಸುತ್ತುವುದೆಂದು ನ್ಯೂಟನ್ ಬಹಳ ಹಿಂದೆಯೇ ಊಹಿಸಿದ್ದನು. ಲೆಕ್ಕ ಮಾಡಿ ನೋಡಿ. ಆರ್ಯಭಟದ ವೇಗ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್. ಆ ಎತ್ತರದಲ್ಲಿ ಯಾವ ವಸ್ತುವಾದರೂ ಒಂದು ಸೆಕೆಂಡಿನಲ್ಲಿ ಸುಮಾರು 4.1 ಮೀಟರ್ ಬೀಳುತ್ತದೆ. ಅದೇ ಒಂದು ಸೆಕೆಂಡಿನಲ್ಲಿ, ದುಂಡಾದ ಕಕ್ಷೆಯು ನೇರ ರೇಖೆಯಿಂದ ಒಳಕ್ಕೆ ಬಾಗುವುದೂ ಸುಮಾರು 4.1 ಮೀಟರ್! ಬಿದ್ದಷ್ಟೂ ನೆಲವು ದೂರವೇ ಉಳಿಯುತ್ತದೆ. ಸುಮಾರು 96 ನಿಮಿಷಕ್ಕೊಂದು ಪ್ರದಕ್ಷಿಣೆ. 1687ರಲ್ಲಿ ಪ್ರಕಟವಾದ ನಿಯಮಗಳಿಗೆ ಒಂದಕ್ಷರವನ್ನೂ ಸೇರಿಸದೆ ಇಷ್ಟನ್ನೂ ಹೇಳಬಹುದು.

ಆದರೆ ಅದೇ ಉಪಗ್ರಹದ ಮೈಮೇಲೆ ಹೊದಿಸಿದ್ದ ಸೌರಕೋಶಗಳನ್ನು ನ್ಯೂಟನ್ ವಿವರಿಸಲಾರನು. ಬಿಸಿಯಾದ ಕಾಯಗಳು ಸೂಸುವ ಬೆಳಕಿನ ಲೆಕ್ಕ ಸರಿಹೊಂದದೆ ಇದ್ದಾಗ, 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶಕ್ತಿಯು ಸಣ್ಣ ಸಣ್ಣ ಗಂಟುಗಳಲ್ಲಿ ವಿನಿಮಯವಾಗುವುದೆಂದು ಭಾವಿಸಿ ಸಮಸ್ಯೆಯನ್ನು ಬಿಡಿಸಿದನು. 1905ರಲ್ಲಿ ಐನ್‌ಸ್ಟೈನ್, ಬೆಳಕೇ ಇಂತಹ ಗಂಟುಗಳಾಗಿ ಬರುವುದೆಂದನು. ನಿಮ್ಮಲ್ಲಿ ಹಲವರಿಗೆ ಅಂಗಡಿ ಮುಂದಿನ ಒಂದು ರೂಪಾಯಿ ನಾಣ್ಯದ ಟೆಲಿಫೋನ್ ಪೆಟ್ಟಿಗೆ ನೆನಪಿರಬಹುದು. ಜೇಬಿನ ತುಂಬ ನಾಲ್ಕಾಣೆಗಳಿದ್ದರೂ ಆ ಪೆಟ್ಟಿಗೆ ಮಾತಾಡುತ್ತಿರಲಿಲ್ಲ. ಇಡಿಯಾಗಿ ಒಂದು ರೂಪಾಯಿ ಬೀಳಲೇಬೇಕಿತ್ತು. ಸಿಲಿಕಾನಿನೊಳಗಿನ ಎಲೆಕ್ಟ್ರಾನೂ ಹಾಗೆಯೇ. ಅದನ್ನು ಬಿಡಿಸಿ ಹರಿಯುವಂತೆ ಮಾಡಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟಿನ ಶಕ್ತಿ ಒಂದೇ ಗಂಟಿನಲ್ಲಿ ಬರಬೇಕು. ಅದಕ್ಕಿಂತ ಕಡಿಮೆ ಬೆಲೆಯ ಬೆಳಕನ್ನು ಎಷ್ಟೇ ಪ್ರಖರವಾಗಿ ಸುರಿದರೂ ವಿದ್ಯುತ್ತು ಹುಟ್ಟದು. ಬೆಳಕನ್ನು ಬರಿಯ ಅಲೆಯೆಂದು ತಿಳಿದರೆ ಈ ಹಠಕ್ಕೆ ಅರ್ಥವೇ ಇಲ್ಲ.

ಈ ಹೊಸ ವಿಚಾರವು ನಮ್ಮ ಊರಿಗೆ ಪರಕೀಯವಾಗಿರಲಿಲ್ಲ. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ತಮ್ಮ ಪರಿಣಾಮವನ್ನು ಗುರುತಿಸಿದ ಸಿ. ವಿ. ರಾಮನ್, ಅದರ ವಿಸ್ತಾರವಾದ ವಿವರಣೆಯನ್ನು ಮಾರ್ಚ್ 16ರಂದು ನೀಡಿದ್ದು ಬೆಂಗಳೂರಿನ ಸಭೆಯೊಂದರಲ್ಲಿ. ಬೆಳಕಿನ ಗಂಟು ಅಣುವಿಗೆ ತಾಗಿದಾಗ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಕೊಟ್ಟೋ ಪಡೆದೋ ಬೇರೆ ಬಣ್ಣವಾಗಿ ಹೊರಬರುವುದೆಂಬುದು ಅದರ ಸಾರ. 1933ರಲ್ಲಿ ರಾಮನ್ ಟಾಟಾ ಇನ್‌ಸ್ಟಿಟ್ಯೂಟ್‌ಗೆ ನಿರ್ದೇಶಕರಾಗಿ ಬಂದರು. ಅವರ ಆಹ್ವಾನದ ಮೇರೆಗೆ, ಹಿಟ್ಲರನ ಆಡಳಿತದಲ್ಲಿ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಎಲೆಕ್ಟ್ರಾನ್ ಎಲ್ಲಿದೆಯೆಂದು ಹೇಳಲಾಗದು, ಎಲ್ಲಿ ಸಿಗುವ ಸಂಭವ ಎಷ್ಟೆಂದು ಮಾತ್ರ ಹೇಳಬಹುದು ಎಂಬ ವ್ಯಾಖ್ಯಾನವನ್ನು 1926ರಲ್ಲಿ ಕೊಟ್ಟವರು ಇವರೇ. ಅವರಿಗೆ ಇಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1936ರಲ್ಲಿ ಎಡಿನ್‌ಬರೋಗೆ ಹೊರಟುಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂದಿತು.

ಹಾಗಾದರೆ ಒಂದೇ ಉಪಗ್ರಹಕ್ಕೆ ಎರಡು ಬಗೆಯ ನಿಯಮಗಳೇ? ಇಲ್ಲಿಯೇ ನಾನು ಅಂದು ಎಡವಿದ್ದು. ಚಲಿಸುವ ಪ್ರತಿಯೊಂದು ವಸ್ತುವಿಗೂ ಒಂದು ತರಂಗದೂರವಿದೆಯೆಂದು 1924ರಲ್ಲಿ ಡಿ ಬ್ರಾಯ್ ತೋರಿಸಿದನು. ಪ್ಲಾಂಕನ ಸ್ಥಿರಾಂಕವನ್ನು ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ಸಿಲಿಕಾನಿನಲ್ಲಿ ಸೆಕೆಂಡಿಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಎಲೆಕ್ಟ್ರಾನಿನ ತರಂಗದೂರ ಸುಮಾರು 7 ನ್ಯಾನೊಮೀಟರ್. ಅಲ್ಲಿ ನೆರೆಯ ಪರಮಾಣುಗಳ ನಡುವಿನ ಅಂತರವೇ 0.24 ನ್ಯಾನೊಮೀಟರ್ ಆಗಿರುವುದರಿಂದ ಎಲೆಕ್ಟ್ರಾನಿನ ಅಲೆತನವನ್ನು ಮರೆತರೆ ಲೆಕ್ಕ ಕೆಡುತ್ತದೆ. ಇನ್ನು ಆರ್ಯಭಟದ್ದು? ದಶಮಾಂಶ ಬಿಂದುವಿನ ನಂತರ 39 ಸೊನ್ನೆಗಳನ್ನು ಬರೆದು ಆಮೇಲೆ 24 ಎಂದು ಬರೆಯಿರಿ. ಅಷ್ಟು ಮೀಟರ್. ಪರಮಾಣುವಿನ ಬೀಜಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಅಲೆತನವು ಅಲ್ಲಿಯೂ ಸುಳ್ಳಲ್ಲ. ಆದರೆ ಯಾವ ಅಳತೆಗೋಲಿಗೂ ಸಿಕ್ಕದಷ್ಟು ಅಲ್ಪ. ಕ್ವಾಂಟಂ ಸಮೀಕರಣಗಳಿಂದ ಹೊರಟು ಸರಾಸರಿ ತೆಗೆಯುತ್ತ ಹೋದರೆ, ಇಂತಹ ವಸ್ತುಗಳ ವಿಷಯದಲ್ಲಿ ನಾವು ತಲುಪುವುದು ನ್ಯೂಟನ್ನನ ನಿಯಮವನ್ನೇ. ಹೊಸದು ಹಳೆಯದನ್ನು ಮನೆಯಿಂದ ಹೊರಹಾಕಲಿಲ್ಲ. ಅದರ ಹೊಲದ ಎಲ್ಲೆಕಲ್ಲುಗಳನ್ನು ನೆಟ್ಟಿತು.

ಎಲ್ಲೆಯನ್ನು ಗಾತ್ರವೊಂದೇ ನಿರ್ಧರಿಸುತ್ತದೆಂದು ತಿಳಿದು ನನ್ನಂತೆ ಅವಸರಪಡಬೇಡಿ. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ವಿದ್ಯುನ್ಮಂಡಲವೂ ಅತಿ ಶೀತದಲ್ಲಿ ಕ್ವಾಂಟಂ ನಡತೆ ತೋರುವುದೆಂದು ನಿರೂಪಿಸಿದ ಮೂವರಿಗೆ 2025ರಲ್ಲಿ ನೊಬೆಲ್ ದೊರೆಯಿತು. ಕಲ್ಲುಗಳನ್ನು ನೆಡುವ ಕೆಲಸ ಇನ್ನೂ ನಡೆದಿದೆ.

ಆರ್ಯಭಟದ ಕಥೆಯ ಕೊನೆಯನ್ನು ಹೇಳಬೇಕು, ಏಕೆಂದರೆ ನನಗೆ ಈ ವಿಷಯ ಮನದಟ್ಟಾದದ್ದು ಅಲ್ಲಿಯೇ. ಎಕ್ಸ್ ಕಿರಣಗಳು, ಸೂರ್ಯ ಮತ್ತು ಅಯಾನುಗೋಳದ ಅಧ್ಯಯನಕ್ಕೆಂದು ಒಯ್ದಿದ್ದ ಪ್ರಯೋಗಗಳು, ವಿದ್ಯುತ್ ಸರಬರಾಜಿನ ದೋಷದಿಂದ ನಾಲ್ಕೈದು ದಿನಗಳಲ್ಲಿಯೇ ನಿಂತುಹೋದವು. ಮೂರು ವರ್ಷ ಕಷ್ಟಪಟ್ಟವರ ಮನಸ್ಸು ಎಷ್ಟು ನೊಂದಿರಬೇಡ! ಆದರೆ ಉಪಕರಣಗಳು ಮೌನವಾದರೂ ಕಕ್ಷೆ ನಿಲ್ಲಲಿಲ್ಲ. ಕಕ್ಷೆಗೆ ವಿದ್ಯುತ್ತು ಬೇಕಿರಲಿಲ್ಲ. ತೆಳು ಗಾಳಿಯ ತಡೆಯಿಂದ ಇಳಿಯುತ್ತ ಇಳಿಯುತ್ತ, 1992ರ ಫೆಬ್ರವರಿಯಲ್ಲಿ ವಾತಾವರಣವನ್ನು ಹೊಕ್ಕು ಮುಗಿಯುವವರೆಗೆ, ಸುಮಾರು 17 ವರ್ಷ ಅದು ನ್ಯೂಟನ್ನನ ಮಾತನ್ನು ಪಾಲಿಸಿತು. ನಾನು ಆ ಹುಡುಗನನ್ನು "ಕೂತುಕೋ" ಎಂದು ಗದರಿಸುವಾಗಲೂ ಅದು ಮೇಲೆ ಸುತ್ತುತ್ತಿತ್ತು!

ಕಲಿತ ಪಾಠವೂ ವ್ಯರ್ಥವಾಗಲಿಲ್ಲ. ಪೀಣ್ಯದಲ್ಲಿಯೇ ಇರುವ ಇಸ್ರೋದ ನಿಯಂತ್ರಣ ಕೇಂದ್ರದಿಂದ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಇಳಿಯುವಿಕೆಯನ್ನು ನೋಡಿಕೊಂಡರು. ನೌಕೆಯ ದಾರಿ ನ್ಯೂಟನ್ನನದು. ಅದರೊಳಗಿನ ಚಿಪ್ಪುಗಳೂ ಸೌರಕೋಶಗಳೂ ಪ್ಲಾಂಕನ ಸಂತಾನ. ಕಾಕತಾಳೀಯವೆಂಬಂತೆ ಅದೇ ವರ್ಷ, ಆರ್ಯಭಟ ಹಾರಿದ ಏಪ್ರಿಲ್ 19ರಂದೇ, ಕೇಂದ್ರ ಸಚಿವ ಸಂಪುಟವು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು.

ಮಗಳೇ, ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನ್ಯೂಟನ್ ತಪ್ಪಲ್ಲ, ಅವನ ಮಾತು ಎಲ್ಲಿಯವರೆಗೆ ನಡೆಯುತ್ತದೆಂಬುದು ನಮಗೆ ಈಗ ಗೊತ್ತಾಗಿದೆ, ಅಷ್ಟೆ. ನಿನ್ನ ಅಪ್ಪನು ಲೇತ್‌ನಲ್ಲಿ ಕಬ್ಬಿಣ ತಿರುಗಿಸುವಾಗ ನಂಬುವುದು ಅವನ ನಿಯಮಗಳನ್ನೇ. ಅಪ್ಪನಿಗೆ ಹೇಳು, ಅವನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದಾಗಿತ್ತು. ಉತ್ತರ ಕೊಟ್ಟವನು ತಯಾರಾಗಿರಲಿಲ್ಲ. ಈ ಬರಹದಲ್ಲಿಯೂ ನಿನಗೆ ತೃಪ್ತಿಯಾಗದ ಸ್ಥಳವಿದ್ದರೆ ಮನೆಗೆ ಬಾ. ಈ ಸಲ ನಾನು "ಕೂತುಕೋ" ಎನ್ನುವುದು ಕಾಫಿ ಕೊಡುವುದಕ್ಕಾಗಿ ಮಾತ್ರ.

ಇಂತಿ ನಿಮ್ಮ ಮೇಷ್ಟ್ರು