ಎರಡು ‘ವಲಯ’ಗಳು: ಅಮೆರಿಕದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಆರಂಭಿಕ ದಶಕಗಳು

ಅಮೆರಿಕದ ವಿಶ್ವವಿದ್ಯಾಲಯಗಳು ದಕ್ಷಿಣ ಏಷ್ಯಾವನ್ನು ಒಂದು ವಲಯವೆಂದು ಬೋಧಿಸತೊಡಗಿದ ಕಾಲದಲ್ಲಿಯೇ ಭಾಷಾವಿಜ್ಞಾನಿಗಳು ಭಾರತವನ್ನು ಒಂದು ‘ಭಾಷಾವಲಯ’ವೆಂದು ವಿವರಿಸಿದರು. ಎರಡನ್ನೂ ಒಂದೇ ಚಿಂತನೆಯ ಫಲವೆಂದು ಭಾವಿಸುವುದು ಸುಲಭ. ನಾವು ಹಾಗೆ ಭಾವಿಸುವುದಿಲ್ಲ.

ಸಂಸ್ಕೃತ ವಿದ್ವಾಂಸ ಡಬ್ಲ್ಯು. ನಾರ್ಮನ್ ಬ್ರೌನ್ 1948ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ವಲಯಾಧ್ಯಯನ ವಿಭಾಗವನ್ನು ಸ್ಥಾಪಿಸಿದರು. ಪ್ರಾಚೀನ ಗ್ರಂಥಗಳನ್ನು ನೆಚ್ಚಿಕೊಂಡಿದ್ದ ಭಾರತವಿದ್ಯೆಯ ಪಕ್ಕದಲ್ಲಿ ಆಧುನಿಕ ಭಾಷೆ, ಇತಿಹಾಸ, ರಾಜಕಾರಣಗಳಿಗೂ ಪೀಠ ದೊರೆಯಿತು. ಆದರೆ ಸರ್ಕಾರದ ಹಣ ಹರಿದುಬಂದದ್ದು 1957ರ ಸ್ಪುಟ್ನಿಕ್ ಉಡಾವಣೆಯ ಅನಂತರ. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯ ಆರನೆಯ ಭಾಗವು, ಅಲ್ಲಿ ಸಾಕಷ್ಟು ಬೋಧನೆಯಿಲ್ಲದ ಭಾಷೆಗಳಿಗಾಗಿ ಕೇಂದ್ರಗಳನ್ನು ತೆರೆಯಲು ನೆರವು ನೀಡಿತು. ಆ ಭಾಷೆಗಳ ಪ್ರದೇಶವನ್ನು ಅರಿಯಲು ಬೇಕಾದ ಶಾಸ್ತ್ರಗಳಲ್ಲಿ ಇತಿಹಾಸ, ರಾಜ್ಯಶಾಸ್ತ್ರಗಳೊಡನೆ ಭಾಷಾವಿಜ್ಞಾನವನ್ನೂ ಹೆಸರಿಸಿತು. ಕಾಯಿದೆಯ ಹೆಸರಿನಲ್ಲಿರುವ ‘ರಕ್ಷಣಾ’ ಎಂಬುದು ಬರಿಯ ಅಲಂಕಾರವಲ್ಲ. 1962ರಿಂದ ಭಾರತವು ಅಮೆರಿಕದ ಗೋಧಿಗೆ ತೆತ್ತ ರೂಪಾಯಿಗಳಲ್ಲಿಯೇ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಸಾಗಿಸಲಾಯಿತು. ಇಂದು ಆ ಕಪಾಟುಗಳಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕುವ ಸಂಶೋಧಕರು ಗೋಧಿಯನ್ನೂ ನೆನೆಯಬೇಕು.

ಭಾಷಾವಿಜ್ಞಾನದ ವಲಯ ಹುಟ್ಟಿದ್ದು ಬೇರೆ ದಾರಿಯಲ್ಲಿ. ತೋಡರ ನಡುವೆ ಕ್ಷೇತ್ರಕಾರ್ಯ ಮಾಡಿದ್ದ ಎಂ. ಬಿ. ಎಮೆನೊ 1956ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬೇರೆ ಬೇರೆ ಕುಟುಂಬಗಳ ಭಾಷೆಗಳು ಸಂಪರ್ಕದಿಂದ ಪಡೆದ ಸಮಾನ ಲಕ್ಷಣಗಳೇ ವಲಯಕ್ಕೆ ಆಧಾರವಾದವು. ಮೂರ್ಧನ್ಯ ವ್ಯಂಜನಗಳ ವ್ಯಾಪ್ತಿ ಒಂದು, ‘ಪುಸ್ತಕ-ಗಿಸ್ತಕ’ದಂಥ ಪ್ರತಿಧ್ವನಿ ಪದಗಳದು ಇನ್ನೊಂದು. ಲಕ್ಷಣ ಬದಲಾದಂತೆ ಗಡಿಯೂ ಸರಿಯುತ್ತದೆ. ಅನುದಾನದ ಅರ್ಜಿಯಲ್ಲಿ ಅಂಥ ಗಡಿಗೆ ಎಡೆಯಿಲ್ಲ.

ಕನ್ನಡಕ್ಕೆ ಈ ವ್ಯವಸ್ಥೆಯಿಂದ ನಷ್ಟವಾಗಲಿಲ್ಲ: ಅದರ ಬಂಧುಭಾಷೆಗಳೆಲ್ಲ, ಬಲೂಚಿಸ್ತಾನದ ಬ್ರಾಹುಈ ಸಹಿತ, ಒಂದೇ ವಿಭಾಗದ ಪಾಲಿಗೆ ಬಂದವು. ಪೆಟ್ಟು ಬಿದ್ದದ್ದು ಆಸ್ಟ್ರೋಏಷ್ಯಾಟಿಕ್ ಕುಟುಂಬಕ್ಕೆ. ಕಾರ್ನೆಲ್‌ನಲ್ಲಿ 1950ರಲ್ಲಿ ಆಗ್ನೇಯ ಏಷ್ಯಾ ಕಾರ್ಯಕ್ರಮ ಪ್ರತ್ಯೇಕವಾಗಿ ಆರಂಭವಾಗಿತ್ತು. ಈ ವಿಂಗಡಣೆಯಲ್ಲಿ ಸಂತಾಲಿ ದಕ್ಷಿಣ ಏಷ್ಯಾಕ್ಕೆ, ಅದರ ದೂರದ ಬಂಧು ಖ್ಮೇರ್ ಆಗ್ನೇಯ ಏಷ್ಯಾಕ್ಕೆ ಸೇರಿದವು. ಎರಡನ್ನೂ ಕಲಿಯಬಯಸುವ ಸಂಶೋಧನಾ ವಿದ್ಯಾರ್ಥಿ ಎರಡು ವಲಯಗಳ ಬಾಗಿಲು ತಟ್ಟಬೇಕಾಯಿತು. ಇತಿಹಾಸ, ರಾಜಕಾರಣಗಳ ಪಾಠಗಳಾದರೋ ಒಂದೊಂದು ವಲಯದೊಳಗೇ ಹೊಂದಿಕೊಂಡಿದ್ದವು. ಯಾವ ಭಾಷೆಯನ್ನು ಯಾವುದರೊಡನೆ ಹೋಲಿಸಬೇಕೆಂಬ ಪ್ರಶ್ನೆಗೆ ವಿಭಾಗದ ನಕ್ಷೆಯೇ ಅರ್ಧ ಉತ್ತರ ಕೊಟ್ಟುಬಿಡುತ್ತಿತ್ತು ಎಂಬುದು ನಮ್ಮ ವಾದ. ಶಿಕಾಗೋದಲ್ಲಿ ಮುಂಡಾ ಭಾಷೆಗಳ ಸಂಶೋಧನೆ ನಡೆಸುತ್ತಿದ್ದ ನಾರ್ಮನ್ ಝೈಡ್ 1966ರಲ್ಲಿ ತೌಲನಿಕ ಆಸ್ಟ್ರೋಏಷ್ಯಾಟಿಕ್ ಅಧ್ಯಯನಗಳ ಸಂಪುಟವನ್ನು ಸಂಪಾದಿಸಿದಾಗ, ಆ ನಕ್ಷೆಯ ಎರಡೂ ಬದಿಯ ಭಾಷೆಗಳು ಒಂದೇ ರಟ್ಟಿನೊಳಗೆ ಸೇರಿದವು.