ಪುಟಕ್ಕಿಟ್ಟ ಮಾತು

ಪುಟ ಎಂದರೆ ಓದುವ ಮಕ್ಕಳಿಗೆ ಪುಸ್ತಕದ ಹಾಳೆಯ ಒಂದು ಮಗ್ಗುಲು. ಪತ್ತಾರರಿಗೆ ಅದು ಬೆಂಕಿ. ಆಯುರ್ವೇದ ಬಲ್ಲವರಿಗೆ ಲೆಕ್ಕ: ಅಭ್ರಕ ಭಸ್ಮಕ್ಕೆ ನೂರು ಪುಟ ಕೊಡುವುದುಂಟು, ಸಾವಿರ ಪುಟ ಕಂಡದ್ದಕ್ಕೆ ಸಹಸ್ರಪುಟಿ ಎಂದೇ ಹೆಸರು. ಸಂಸ್ಕೃತದಲ್ಲಿ ಈ ಮಾತು ಮಡಿಕೆಗೂ ಎಲೆಯ ದೊನ್ನೆಗೂ ಸಲ್ಲುತ್ತದೆ. ಎರಡು ಮಣ್ಣಿನ ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ, ಅರಿವೆ ಸುತ್ತಿ ಮಣ್ಣು ಮೆತ್ತಿ, ಕುಳ್ಳಿನ ಉರಿಯಲ್ಲಿ ಹೂಳುವ ಕೆಲಸಕ್ಕೂ ಸಲ್ಲುತ್ತದೆ. ಮಡಿಕೆಯಿಂದ ಹಾಳೆಯೂ ಮುಚ್ಚಿದ ಬಟ್ಟಲಿನಿಂದ ಉರಿಯೂ ಒಂದೇ ಹೆಸರಿಗೆ ಬಂದು ಸೇರಿವೆ. ಬೆಳಗ್ಗೆ ಬೈಬಲ್ಲಿನ ಪುಟ ತಿರುವಿ, ಆಮೇಲೆ ಬರೆಯಲು ಕೂಡುವ ನನ್ನಂಥವನಿಗೆ ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ.

ಬಂಗಾರದ ಗಣಿಯಿರುವ ನಮ್ಮ ಹಟ್ಟಿಯಲ್ಲಿ ಈ ಮಾತಿಗೆ ವಯಸ್ಸಾಗಿದೆ. ಇಲ್ಲಿನ ಹಳೆಯ ಗಣಿಗುಂಡಿಗಳು ಸುಮಾರು ಎರಡು ಸಾವಿರ ವರ್ಷದವು. ಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಉರಿ ಹಚ್ಚಿ, ಕಾದ ಕಲ್ಲಿಗೆ ನೀರು ಸುರಿದು, ಬಿರುಕು ಬಿಟ್ಟಲ್ಲಿ ಒಡೆದು ಒಳಗಿಳಿದರು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1947ರಲ್ಲಿ, ಈಗಿನ ಕಂಪನಿ ಹುಟ್ಟಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಇಲ್ಲಿನ ಶಿಫ್ಟುಗಳು ನಿಲ್ಲಲಿಲ್ಲ. ಒಂದು ಟನ್ ಅದಿರನ್ನು ಹಿಟ್ಟಾಗುವಂತೆ ಅರೆದರೆ ಕೈಗೆ ಬರುವುದು ಕೆಲವೇ ಗ್ರಾಂ ಬಂಗಾರ. ಅದೂ ಕುಲುಮೆ ಕಾಣದೆ ಬಂಗಾರ ಅನ್ನಿಸಿಕೊಳ್ಳುವುದಿಲ್ಲ.

ಪುಟ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಪತ್ತಾರರ ಅಂಗಡಿಯ ಮುಂದೆ ಕೂಡಬೇಕು. ಹಳೆಯ ಬೋರಮಾಳದ ತುಂಡುಗಳು ಮೂಸೆಗೆ ಬೀಳುತ್ತವೆ, ಮೇಲೊಂದು ಚಿಟಿಕೆ ಬಿಳಿಗಾರ. ಉರಿ ತಾಗಿದೊಡನೆ ತುಂಡುಗಳು ಮೊದಲು ಮಂಕಾಗುತ್ತವೆ, ಆಮೇಲೆ ಕೆಂಪೇರುತ್ತವೆ, ಅಂಚು ಕರಗಿ ಒಂದಕ್ಕೊಂದು ಅಂಟುತ್ತವೆ, ಕಡೆಗೆ ನಡುಗುವ ಒಂದು ದುಂಡು ಹನಿಯಾಗುತ್ತವೆ. ಕಿಟ್ಟ ಮೂಸೆಯ ಗೋಡೆ ಹಿಡಿಯುತ್ತದೆ. ಅಷ್ಟು ಹೊತ್ತೂ ಪತ್ತಾರರು ಮಾತಾಡುವುದಿಲ್ಲ, ಕಣ್ಣು ಕೀಳುವುದಿಲ್ಲ. ಆರಿದ ಮೇಲೆ ತಕ್ಕಡಿಗಿಟ್ಟರೆ ತೂಕ ಕಡಿಮೆ! ಬೆಂಕಿ ಬಂಗಾರಕ್ಕೆ ಏನನ್ನೂ ಕೂಡಿಸುವುದಿಲ್ಲ, ಬಂಗಾರವಲ್ಲದ್ದನ್ನು ಕಳೆಯುತ್ತದೆ. ಪ್ರವಾದಿ ಮಲಾಕಿಯನ ಗ್ರಂಥದಲ್ಲಿ ದೇವರು ಬೆಳ್ಳಿ ಶೋಧಿಸುವವನಂತೆ ಕುಳಿತುಕೊಳ್ಳುತ್ತಾನೆ. ಆ ‘ಕುಳಿತುಕೊಳ್ಳುವುದು’ ನನಗೆ ದೊಡ್ಡ ಸಮಾಧಾನ ಕೊಟ್ಟಿದೆ. ಉರಿಗೆ ಹಾಕಿ ಎದ್ದು ಹೋಗುವವನಲ್ಲ ಅವನು.

ಈ ಸೀಮೆಗೆ ಕ್ರಿಸ್ತನ ಹೆಸರು ಹೊಸದಲ್ಲ. ಇದೇ ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕರಿದ್ದಾರೆ. ಪುಟದ ಮಾತು ನಮ್ಮ ಪ್ರಾರ್ಥನೆಗಳಲ್ಲಿ, ಪ್ರಸಂಗಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಬರಲಿ. ಆದರೆ ಅದು ಎಲ್ಲಿ ಬರುತ್ತದೆ ಎಂಬುದರ ಬಗ್ಗೆ ನನಗೆ ತಕರಾರಿದೆ. ಗಣಿಯಲ್ಲಿ ದುಡಿದು, ಎದೆಯ ಬೇನೆಯಿಂದ ತೀರಿಕೊಂಡವರೊಬ್ಬರ ಮನೆಗೆ ಹೋಗಿದ್ದಾಗ, ಬಂದವರಲ್ಲೊಬ್ಬರು ತೀರಿದವರ ಹೆಂಡತಿಗೆ ಹೇಳಿದರು: “ದೇವ್ರು ನಿಮ್ಮನ್ನ ಪುಟಕ್ಕ ಹಾಕ್ಯಾನ್ರೀ ಅಕ್ಕಾ, ಬಂಗಾರ ಆಗ್ತೀರಿ.” ಆಕೆ ತಲೆ ಎತ್ತಿ, “ನಾ ಬಂಗಾರ ಅಲ್ರೀ ಅಣ್ಣಾ, ಮನುಷ್ಯಾಳು ಅದೀನಿ” ಅಂದರು. ಯಾರೂ ಮುಂದೆ ಮಾತಾಡಲಿಲ್ಲ.

ಮನೆಗೆ ಬಂದು ಯೋಬನ ಗ್ರಂಥ ತೆರೆದೆ. ಶೋಧನೆ ಮುಗಿದಾಗ ಬಂಗಾರದಂತೆ ಹೊರಬರುವೆನೆಂಬ ಮಾತು ಅಲ್ಲಿದೆ. ಅದನ್ನು ಹೇಳುವವನು ಮಕ್ಕಳನ್ನು ಮಣ್ಣಿಗಿಟ್ಟು ಬೂದಿಯಲ್ಲಿ ಕೂತ ಯೋಬನೇ, ಅವನ ಗೆಳೆಯರಲ್ಲ. ಗೆಳೆಯರು ಮೊದಲ ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಅದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಪೇತ್ರನ ಮೊದಲ ಪತ್ರದಲ್ಲೂ ಬೆಂಕಿಯಲ್ಲಿ ಪರೀಕ್ಷೆಯಾಗುವ ಬಂಗಾರದ ಮಾತಿದೆ. ಆ ಪೇತ್ರ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ, ತನ್ನ ಗುರುವನ್ನು ಅರಿಯೆನೆಂದವನು. ಮುಂದೆ ಸಮುದ್ರದ ದಡದಲ್ಲಿ ಇನ್ನೊಂದು ಇದ್ದಲ ಬೆಂಕಿಯ ಬಳಿ, ಎದ್ದು ಬಂದ ಯೇಸು ಅವನಿಗೆ ರೊಟ್ಟಿ ಮೀನು ಕೊಟ್ಟು, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಬೆಂಕಿಯ ಬಗ್ಗೆ ಬರೆಯುವ ಹಕ್ಕು ಆ ಕೈಗೆ ಹಾಗೆ ಬಂತು. ಶ್ರೀಗಂಧವನ್ನೂ ಬಂಗಾರವನ್ನೂ ಕೂಡಿಯೇ ನೆನೆಯುವ ಅಕ್ಕಮಹಾದೇವಿಯ ವಚನವೂ ತನ್ನ ನೋವನ್ನು ಕುರಿತದ್ದು, ನೆರೆಯವಳ ನೋವನ್ನಲ್ಲ. ಪುಟ ಎಂಬುದು ನಾನು ನನಗೆ ಹೇಳಿಕೊಳ್ಳಬಹುದಾದ ಮಾತು. ಎದುರಿಗಿದ್ದವರಿಗೆ ಹೇಳಿದೊಡನೆ ಅದು ಕಲ್ಲಾಗುತ್ತದೆ.

ನನಗೆ ನಾನು ಹೇಳಿಕೊಂಡಾಗ ಮಾತ್ರ ಅದು ದುಡಿಯುತ್ತದೆ. ಬರೆದದ್ದನ್ನು ಮತ್ತೆ ಓದುವಾಗ ಯಾವ ಸಾಲು ಮೆಚ್ಚುಗೆಗಾಗಿ ಬಂತು, ಯಾವುದು ಕೇಳಿದ್ದನ್ನೇ ತಿರುಗಿ ಹೇಳಿತು ಎಂದು ಹುಡುಕುತ್ತೇನೆ. ಹೊಡೆದು ಹಾಕಿದಷ್ಟೂ ಬರಹದ ತೂಕ ಇಳಿಯುತ್ತದೆ, ಅದಕ್ಕೆ ಹೆದರಬಾರದು. ನಡತೆಯದ್ದೂ ಇದೇ ಲೆಕ್ಕ. ಸಿಟ್ಟು, ಹೊಗಳಿಸಿಕೊಳ್ಳುವ ಚಟ, ಹೊಟ್ಟೆಕಿಚ್ಚು ಒಂದೇ ಪುಟಕ್ಕೆ ಹೋಗುವುದಿಲ್ಲ.

ಇಲ್ಲಿ ನಾನು ನೆನೆಯುವುದು ಫರ್ಡಿನಾಂಡ್ ಕಿಟೆಲ್ಲರನ್ನು. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಬಂದ ಈ ಜರ್ಮನ್ ಪಾದ್ರಿ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯವಾಗಿಸಿದರು. ಮುಂದೆ ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಬಂದ ದಿನದಿಂದ ಎಣಿಸಿದರೆ ನಲವತ್ತೊಂದು ವರ್ಷ. ಪರರ ಭಾಷೆಯ ಒಂದೊಂದು ಮಾತಿಗೂ ಅರ್ಥ ಸರಿಯಾಯಿತೇ ಎಂದು ಅಷ್ಟು ಕಾಲ ಕೂತು ನೋಡುವುದು ಭಕ್ತಿಯಲ್ಲದೆ ಮತ್ತೇನು? ಬರಹ ಬೇರೆ, ವಿಶ್ವಾಸ ಬೇರೆ ಎನ್ನುವವರಿಗೆ ನಾನು ಆ ನಿಘಂಟನ್ನು ತೋರಿಸುತ್ತೇನೆ.

ನಮ್ಮ ಸಭೆಗಳ ಪಾಸ್ಟರುಗಳಲ್ಲಿ, ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಸಾವಾದ ಮನೆಗೆ ಹೋಗುವಾಗ ಪುಟದ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಕೊಡ ತುಂಬಿಡಬೇಕು, ಮಕ್ಕಳಿಗೆ ಉಣಿಸಬೇಕು, ಪರಿಹಾರದ ಅರ್ಜಿ ಬರೆದುಕೊಡಬೇಕು. ಅರ್ಜಿಯ ಪುಟ ತುಂಬುವುದು ನಿಮಗೆ ಬರುತ್ತದೆ, ದಯವಿಟ್ಟು ಅದನ್ನು ಮಾಡಿ.