ಬೆಂಗಳೂರಿನ ಹೊರವಲಯದಲ್ಲಿ ಅಂಗಡಿಯೂ ಮನೆಬಾಗಿಲ ವ್ಯಾಪಾರವೂ

ಕನ್ನಡ ನಾಡಿನಲ್ಲಿ ಊರು ಕಟ್ಟಿದವರು ಕೋಟೆ, ಕೆರೆ, ದೇವಾಲಯಗಳೊಡನೆ ಪೇಟೆಯನ್ನೂ ಕಟ್ಟುತ್ತಿದ್ದರು. ಪೇಟೆಯಿಲ್ಲದ ಊರಿಗೆ ಜನ ಬಂದು ನಿಲ್ಲುವುದಿಲ್ಲವೆಂಬುದು ಅವರಿಗೆ ಅನುಭವದಿಂದ ತಿಳಿದಿದ್ದಿತು. 1537ರಲ್ಲಿ ಯಲಹಂಕದ ಪ್ರಭುವಾದ ಕೆಂಪೇಗೌಡನು ಬೆಂಗಳೂರಿಗೆ ಅಡಿಗಲ್ಲಿಟ್ಟಾಗಲೂ ಈ ಪದ್ಧತಿಯೇ ನಡೆಯಿತು. ಕಾಲಕ್ರಮದಲ್ಲಿ ಆ ಊರಿನ ಬೀದಿಗಳು ಸರಕಿಗೊಂದು, ಕಸಬಿಗೊಂದು ಎಂಬಂತೆ ಹಂಚಿಹೋದುವು. ಅಕ್ಕಿಗೆ ಅಕ್ಕಿಪೇಟೆ, ಧಾನ್ಯಗಳಿಗೆ ತರಗುಪೇಟೆ, ಅರಳೆಗೆ ಅರಳೇಪೇಟೆ, ಬಳೆಗೆ ಬಳೇಪೇಟೆ. ಕುಂಬಾರರಿಗೂ ಗಾಣಿಗರಿಗೂ ನಗರ್ತರಿಗೂ ಅವರವರ ಹೆಸರಿನ ಪೇಟೆಗಳು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿಯ ವರ್ತಕರನ್ನೂ ನೇಕಾರರನ್ನೂ ವಿಚಾರಿಸಿ, ಇಲ್ಲಿಂದ ಹೊರಡುವ ಮತ್ತು ಇಲ್ಲಿಗೆ ಬರುವ ಸರಕುಗಳನ್ನು ವಿವರವಾಗಿ ಬರೆದಿಟ್ಟನು. ಊರಿನ ಹೆಸರಿಗಿಂತಲೂ ಪೇಟೆಯ ಹೆಸರೇ ಜನರ ಬಾಯಲ್ಲಿ ಹೆಚ್ಚಾಗಿ ನಿಂತಿತು. ಇಂದಿಗೂ ಹಳೆಯ ಬೆಂಗಳೂರಿಗರು ‘ಪೇಟೆಗೆ ಹೋಗಿ ಬಂದೆವು’ ಎಂದರೆ ಚಿಕ್ಕಪೇಟೆಯ ಕಡೆಗೆ ಹೋಗಿದ್ದರೆಂದೇ ಅರ್ಥ.

ಇದೇ ಬೆಂಗಳೂರಿನ ಹೊರಮೈಯಲ್ಲಿ ಮುಂದೆ ಹುಟ್ಟಿದ ಮೂರು ಊರುಗಳ ಕಥೆ ಇದಕ್ಕಿಂತ ಬೇರೆಯಾದುದು. ಪೂರ್ವಕ್ಕಿರುವ ವೈಟ್‌ಫೀಲ್ಡ್, ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, 1882ರಲ್ಲಿ, ಆಂಗ್ಲೋ-ಇಂಡಿಯನ್ ಜನರು ಬೇಸಾಯ ಮಾಡಿಕೊಂಡು ಬಾಳಲೆಂದು ಸುಮಾರು 3,900 ಎಕರೆ ಜಮೀನಿನಲ್ಲಿ ಏರ್ಪಟ್ಟ ನೆಲೆ. ಅದಕ್ಕಾಗಿ ಶ್ರಮಿಸಿದ ಡಿ. ಎಸ್. ವೈಟ್ ಎಂಬವರ ಹೆಸರೇ ಅದಕ್ಕೆ ಉಳಿಯಿತು. ದಕ್ಷಿಣಕ್ಕಿರುವ ಎಲೆಕ್ಟ್ರಾನಿಕ್ ಸಿಟಿಯು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಸಂಕಲ್ಪದಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಮೊದಲಾಯಿತು. ವಾಯವ್ಯಕ್ಕಿರುವ ಪೀಣ್ಯವು ಅದೇ 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ನೆಲೆಯಾಗಿ ಬೆಳೆದು, ಏಷ್ಯಾ ಖಂಡದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂಬ ಹೆಸರನ್ನು ಪಡೆಯಿತು. ಒಂದು ಬೇಸಾಯಕ್ಕೆ, ಒಂದು ವಿದ್ಯುನ್ಮಾನ ಯಂತ್ರಗಳಿಗೆ, ಒಂದು ಲೇತು ಅಚ್ಚುಗಳಿಗೆ. ಮೂರರಲ್ಲಿ ಯಾವುದೂ ಪೇಟೆಯಾಗಿ ಹುಟ್ಟಲಿಲ್ಲ. ಕಾರ್ಖಾನೆಗೆ ನಿವೇಶನ, ರಸ್ತೆ, ನೀರು, ವಿದ್ಯುಚ್ಛಕ್ತಿ ಇವುಗಳ ಲೆಕ್ಕ ನಡೆಯಿತು. ಅಲ್ಲಿ ದುಡಿಯುವವನು ಸಂಜೆ ಉಪ್ಪು ಮೆಣಸಿನಕಾಯಿಗಳನ್ನು ಎಲ್ಲಿ ಕೊಳ್ಳಬೇಕೆಂಬ ಲೆಕ್ಕಕ್ಕೆ ಆ ಪ್ರಾಧಾನ್ಯ ದೊರೆಯಲಿಲ್ಲ.

ಆದುದರಿಂದ ಅಂಗಡಿಗಳು ತಾವಾಗಿಯೇ ಎದ್ದುವು. ಅವು ಎದ್ದದ್ದು ಹೊಸ ನಕ್ಷೆಯ ಅಗಲವಾದ ರಸ್ತೆಗಳಲ್ಲಿ ಅಲ್ಲ, ನಕ್ಷೆಯ ಅಂಚಿನಲ್ಲಿ ಉಳಿದುಕೊಂಡ ಹಳೆಯ ಹಳ್ಳಿಗಳಲ್ಲಿ: ಪೀಣ್ಯದ ಬಳಿ ದಾಸರಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ಬಳಿ ದೊಡ್ಡತೋಗೂರು, ಹೆಬ್ಬಗೋಡಿ, ವೈಟ್‌ಫೀಲ್ಡಿನ ಬಳಿ ಕಾಡುಗೋಡಿ, ಹೂಡಿ. ಹೊಲ ಹೋದ ಮೇಲೆ ಗ್ರಾಮಸ್ಥರು ಮನೆಯ ಹಿಂಭಾಗದಲ್ಲಿ ಸಾಲುಕೋಣೆಗಳ ವಠಾರ ಕಟ್ಟಿ ಬಾಡಿಗೆಗೆ ಕೊಟ್ಟರು. ಮುಂಭಾಗದಲ್ಲಿ ಒಂದು ಮಳಿಗೆ ಮಾಡಿದರು. ಯಶವಂತಪುರದ ಮಾರುಕಟ್ಟೆಯಂಗಳದಿಂದಲೋ ತರಗುಪೇಟೆಯಿಂದಲೋ ಮೂಟೆಗಳಲ್ಲಿ ಬಂದ ಸರಕು ಆ ಮಳಿಗೆಯಲ್ಲಿ ಕಾಲು ಕಿಲೋ, ನೂರು ಗ್ರಾಮಿನ ಪೊಟ್ಟಣಗಳಾಗಿ ಒಡೆಯಿತು. ಕೊಪ್ಪಳದಿಂದಲೋ ರಾಯಚೂರಿನಿಂದಲೋ ಒಡಿಶಾದಿಂದಲೋ ಕೆಲಸಕ್ಕೆ ಬಂದವನಿಗೆ ಊರಿನಲ್ಲಿ ಮೊದಲು ಪರಿಚಯವಾಗುವವನು ಈ ಅಂಗಡಿಯವನೇ. ಬಾಡಿಗೆಗೆ ಕೋಣೆ ಎಲ್ಲಿದೆ, ಯಾವ ಕಾರ್ಖಾನೆಯಲ್ಲಿ ಆಳು ಬೇಕಾಗಿದ್ದಾರೆ, ಜ್ವರ ಬಂದರೆ ಯಾವ ವೈದ್ಯರಲ್ಲಿಗೆ ಹೋಗಬೇಕು ಎಂಬುದೆಲ್ಲ ಅಲ್ಲಿ ತಿಳಿಯುವುದು.

ಇದೆಲ್ಲಕ್ಕಿಂತ ಮುಖ್ಯವಾದುದು ಉದ್ದರಿಯ ಪುಸ್ತಕ. ಸಂಬಳ ತಿಂಗಳಿಗೊಮ್ಮೆ ಬರುವುದು, ಹಸಿವು ದಿನಕ್ಕೆ ಎರಡು ಸಲ ಬರುವುದು. ನಡುವಣ ದಿನಗಳನ್ನು ದಾಟಿಸುವುದು ಅಂಗಡಿಯವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಉದ್ದನೆಯ ಲೆಕ್ಕದ ಪುಸ್ತಕ. ಅದಕ್ಕೆ ಜಾಮೀನಿಲ್ಲ, ಪತ್ರವಿಲ್ಲ, ಬಹುಮಟ್ಟಿಗೆ ಬಡ್ಡಿಯೂ ಇಲ್ಲ, ಮುಖಪರಿಚಯವೊಂದೇ ಆಧಾರ. ಬ್ಯಾಂಕಿನವರು ಕೊಡದ ಸಾಲವನ್ನು ಅಂಗಡಿಯವನು ಕೊಡುತ್ತಾನೆ. ಅದರಲ್ಲಿ ಸ್ವಲ್ಪ ಮುಳುಗುವುದೂ ಉಂಟು. ಆ ನಷ್ಟವನ್ನು ಅವನು ತುಂಬಿಕೊಳ್ಳುವುದು ಕೈಯಲ್ಲಿ ನಗದು ಹಿಡಿದು ಬರುವ ಗಿರಾಕಿಗಳ ವ್ಯಾಪಾರದಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ಬುಡ.

ಸರಕು ಮನೆಬಾಗಿಲಿಗೆ ಬರುವುದು ಹೊಸದೆಂದು ಅನೇಕರು ತಿಳಿದಿರುವರು. ಅದು ಹಾಗಲ್ಲ. ಸೊಪ್ಪಿನವಳು, ಹೂವಿನವಳು, ಹಾಲಿನವನು, ಬಳೆಗಾರ, ಇವರೆಲ್ಲ ಬೀದಿಬೀದಿ ಸುತ್ತಿ ಬಾಗಿಲಲ್ಲಿ ಕೂಗಿದವರೇ. ಕಾಣದ ಊರಿನ ಕಾಣದ ವರ್ತಕನಿಂದ ಸರಕು ತರಿಸಿಕೊಳ್ಳುವುದೂ ಹಳೆಯದೇ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಅಂಚೆಯ ಏರ್ಪಾಡು 1889ರಲ್ಲಿ ಬ್ರಿಟಿಷ್ ಸರಕಾರದ ಟಪಾಲು ಇಲಾಖೆಯಲ್ಲಿ ಸೇರಿಹೋಯಿತು. ಆ ಇಲಾಖೆಯು 1877ರಲ್ಲಿಯೇ ವಿ. ಪಿ. ಎಂಬ ಕ್ರಮವನ್ನು ಆರಂಭಿಸಿದ್ದಿತು. ಅದರಂತೆ ವರ್ತಕನು ಸರಕನ್ನು ಅಂಚೆಗೆ ಒಪ್ಪಿಸುವನು. ಅಂಚೆಯವನು ಅದನ್ನು ಮನೆಗೆ ತಂದು, ಬೆಲೆಯನ್ನು ವಸೂಲು ಮಾಡಿ, ವರ್ತಕನಿಗೆ ಮುಟ್ಟಿಸುವನು. ಕೊಳ್ಳುವವನಿಗೆ ಹಣ ಹೋದೀತೆಂಬ ಭಯವಿಲ್ಲ. ಮಾರುವವನಿಗೆ ಹಣ ಬಾರದೆಂಬ ಭಯವಿಲ್ಲ. ಕನ್ನಡದ ಮಾಸಪತ್ರಿಕೆಗಳೂ ಗ್ರಂಥಮಾಲೆಗಳೂ ದೂರದ ಹಳ್ಳಿಗಳನ್ನು ಮುಟ್ಟಿದ್ದು ಈ ವಿ. ಪಿ.ಯ ದಾರಿಯಿಂದ. ಪುಸ್ತಕದ ಅಂಗಡಿಯಿಲ್ಲದ ಊರುಗಳ ಉಪಾಧ್ಯಾಯರಿಗೂ ಶಾನುಭೋಗರಿಗೂ ಅಂಚೆಯವನೇ ಪುಸ್ತಕದ ವ್ಯಾಪಾರಿಯಾಗಿದ್ದನು.

ಅಂಚೆಯೂ ಸಾಲದೆಂದು ತಾವೇ ಹೊರಟವರೂ ಉಂಟು. ಕಾದಂಬರಿಕಾರರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮನೆಮನೆಗೆ ಮುಟ್ಟಿಸಿದ ಸಂಗತಿ ಕನ್ನಡಿಗರಿಗೆಲ್ಲ ತಿಳಿದುದೇ. ಮನೆಬಾಗಿಲ ವ್ಯಾಪಾರದಲ್ಲಿ ಕನ್ನಡ ಸಾಹಿತ್ಯಕ್ಕೆ ಒಂದು ಋಣವಿದೆ. ಆದಕಾರಣ ಬಾಗಿಲಿಗೆ ಬಂದದ್ದೆಲ್ಲ ಕೆಡಕೆಂದು ಹೇಳುವುದು ನ್ಯಾಯವಾಗಲಾರದು.

ಇನ್ನು ಅಂತರ್ಜಾಲದ ವ್ಯಾಪಾರ. ಇದಕ್ಕೂ ಬೆಂಗಳೂರೇ ತವರು. 1999ರಲ್ಲಿ ಇಲ್ಲಿ ಫ್ಯಾಬ್‌ಮಾರ್ಟ್ ಎಂಬ ಸಂಸ್ಥೆ ಹುಟ್ಟಿತು. ಆಗ ಮನೆಗಳಲ್ಲಿ ಕಂಪ್ಯೂಟರು ವಿರಳ. ದೂರದಿಂದ ಹಣ ತೆರುವ ಅಭ್ಯಾಸ ಇನ್ನೂ ವಿರಳ. ಆ ಬಳಗದವರು ಕೆಲವು ವರ್ಷಗಳೊಳಗೆ ಫ್ಯಾಬ್‌ಮಾಲ್ ಎಂಬ ದಿನಸಿಯ ಅಂಗಡಿಗಳನ್ನೇ ತೆರೆದರು. ಅವು ಮುಂದೆ ಆದಿತ್ಯ ಬಿರ್ಲಾ ಸಮೂಹದ ಕೈಸೇರಿದುವು. ಅಂತರ್ಜಾಲದ ಶಾಖೆಯು ಇಂಡಿಯಾಪ್ಲಾಜಾ ಎಂಬ ಹೆಸರಿನಿಂದ ಮುಂದುವರಿದು 2013ರಲ್ಲಿ ನಿಂತಿತು. 2007ರಲ್ಲಿ ಕೋರಮಂಗಲದಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ಯುವಕರು ಫ್ಲಿಪ್‌ಕಾರ್ಟನ್ನು ಆರಂಭಿಸಿ ಮೊದಲು ಪುಸ್ತಕಗಳನ್ನೇ ಮಾರಿದರು. 2010ರಲ್ಲಿ ಅವರು ಸರಕು ಕೈಗೆ ಬಂದ ಮೇಲೆ ನಗದು ಕೊಡುವ ಕ್ರಮವನ್ನು ತಂದರು. 1877ರ ವಿ. ಪಿ.ಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈ ವ್ಯಾಪಾರ ದೇಶದಲ್ಲೆಲ್ಲ ಹಬ್ಬಲು ಆ ಹಳೆಯ ಉಪಾಯವೇ ದೊಡ್ಡ ಕಾರಣವಾಯಿತು. 2011ರಲ್ಲಿ ಫ್ಯಾಬ್‌ಮಾರ್ಟಿನ ಬಳಗದ ಕೆಲವರು ಸೇರಿ ಬಿಗ್‌ಬಾಸ್ಕೆಟ್ಟನ್ನು ಕಟ್ಟಿ ದಿನಸಿ ತರಕಾರಿಗಳನ್ನು ಮನೆಗೆ ಕಳುಹಿಸತೊಡಗಿದರು. 2013ರಲ್ಲಿ ಅಮೆಜಾನ್ ಈ ದೇಶಕ್ಕೆ ಬಂದಿತು. 2014ರಲ್ಲಿ ಸ್ವಿಗ್ಗಿ ಹುಟ್ಟಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರು ತೆತ್ತು ಫ್ಲಿಪ್‌ಕಾರ್ಟಿನ ಬಹುಪಾಲನ್ನು ಕೊಂಡಿತು. 2021ರಲ್ಲಿ ಬಿಗ್‌ಬಾಸ್ಕೆಟ್ಟಿನ ಬಹುಪಾಲು ಟಾಟಾ ಸಮೂಹಕ್ಕೆ ಸೇರಿತು. ಮೊದಲು ಎತ್ತಿನ ಬಂಡಿಗಳು ತಂಗುತ್ತಿದ್ದ ಹೊಸಕೋಟೆ, ನೆಲಮಂಗಲ, ಆನೇಕಲ್ಲುಗಳ ಸುತ್ತ ಈಗ ಇಂಥ ಸರಕಿನ ಉಗ್ರಾಣಗಳು ನಿಂತಿವೆ.

ಈ ವ್ಯಾಪಾರಕ್ಕೆ ಹೊರವಲಯದಷ್ಟು ಹದವಾದ ಭೂಮಿ ಬೇರೆ ದೊರೆಯಲಾರದು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಬಳಿ ತಂತ್ರಜ್ಞಾನದ ಪಾರ್ಕು ಬಂದ ಮೇಲೆ, ಎತ್ತರವಾದ ಮನೆಸಮುಚ್ಚಯಗಳು ಸಾಲುಸಾಲಾಗಿ ಎದ್ದುವು. ಗಂಡಹೆಂಡಿರಿಬ್ಬರೂ ಕಛೇರಿಗೆ ಹೋಗುವವರು. ಹೋಗಿಬರುವ ದಾರಿಯಲ್ಲಿಯೇ ದಿನದ ಎರಡು ಮೂರು ಗಂಟೆ ಕಳೆಯುವವರು. ಮನೆಯ ದ್ವಾರದಿಂದ ಅಂಗಡಿಗೆ ನಡೆದು ಹೋಗಲು ಕಾಲುದಾರಿಯೂ ಸರಿಯಾಗಿಲ್ಲ. ಪೇಟೆಯಿಲ್ಲದೆ ಕಟ್ಟಿದ ಊರಿನಲ್ಲಿ ಪೇಟೆಯೇ ಮೊಬೈಲಿನಲ್ಲಿ ಬಂದರೆ ಜನ ಅದನ್ನು ಹಿಡಿಯದೆ ಏನು ಮಾಡಿಯಾರು? ಇದನ್ನು ಸೋಮಾರಿತನವೆಂದು ಜರೆಯುವವರು ಮೊದಲು ಊರಿನ ನಕ್ಷೆಯನ್ನು ನೋಡಬೇಕು.

ಇದರಿಂದಾದ ಉಪಕಾರಗಳನ್ನು ಮರೆಮಾಚುವುದು ಸಲ್ಲದು. ಮಹಡಿ ಇಳಿಯಲಾರದ ವೃದ್ಧರಿಗೆ ಔಷಧ ಮನೆಗೆ ಬರುವುದು. ಪೀಣ್ಯದ ಸಣ್ಣ ಕಾರ್ಖಾನೆಯವನಿಗೆ ಒಂದು ಅಪರೂಪದ ಬೇರಿಂಗು ಎಸ್. ಪಿ. ರಸ್ತೆಯನ್ನೆಲ್ಲ ಅಲೆಯದೆ ಸಿಕ್ಕುವುದು. ಬೆಲೆಗಳನ್ನು ಹೋಲಿಸಿ ನೋಡಬಹುದು, ಒಲ್ಲದ್ದನ್ನು ಹಿಂದಿರುಗಿಸಬಹುದು. ನೆರೆಯ ಅಂಗಡಿಯವನೂ ದೋಷವಿಲ್ಲದವನಲ್ಲ. ಅವನ ತಕ್ಕಡಿ ಎಲ್ಲ ದಿನವೂ ನೆಟ್ಟಗಿರುವುದಿಲ್ಲ. ಅವನಲ್ಲಿ ರಸೀದಿ ದೊರೆಯುವುದು ಅಪರೂಪ. ಹಳಸಿದ ಸರಕು ಹೊಸದರ ನಡುವೆ ಸೇರಿಕೊಳ್ಳುವುದೂ ಉಂಟು.

ಆದರೆ ನಷ್ಟದ ಲೆಕ್ಕವೂ ಇದೆ, ಮತ್ತು ಅದು ಬೀಳುವ ಜಾಗ ವಿಚಿತ್ರವಾದುದು. ಮನೆಸಮುಚ್ಚಯದ ನಗದು ಗಿರಾಕಿಗಳು ಎಣ್ಣೆ, ಬೇಳೆ, ಸಾಬೂನುಗಳನ್ನು ಮೊಬೈಲಿನಿಂದ ತರಿಸಿಕೊಳ್ಳತೊಡಗಿದಾಗ ಅಂಗಡಿಯವನಿಗೆ ಉಳಿಯುವುದು ಉದ್ದರಿಯ ಗಿರಾಕಿಗಳು ಮಾತ್ರ. ಅವರ ಬಾಕಿಯನ್ನು ಹೊರುತ್ತಿದ್ದ ಲಾಭ ಕೈಬಿಟ್ಟಿತು. ಬಾಕಿ ಹಾಗೆಯೇ ನಿಂತಿತು. ಅವನು ಮೊದಲು ಉದ್ದರಿಯನ್ನು ಮೊಟಕುಮಾಡುವನು, ಆಮೇಲೆ ಕದ ಮುಚ್ಚುವನು. ಹೀಗೆ ಮೇಲಿನ ಮಹಡಿಯವರ ಅನುಕೂಲದ ಬೆಲೆಯನ್ನು, ಒಂದು ಸಲವೂ ಆನ್‌ಲೈನಿನಲ್ಲಿ ಕೊಳ್ಳದ ವಠಾರದ ಕೂಲಿಗಾರನು ತೆರಬೇಕಾಗುವುದು. ಅಂಗಡಿಯವನು ತನ್ನ ಗಳಿಕೆಯಿಂದಲೇ ಬದುಕಬೇಕು. ದೊಡ್ಡ ಸಂಸ್ಥೆಯು ಬಂಡವಾಳ ಹಾಕಿದವರ ಹಣದಿಂದ ಹಲವು ವರ್ಷ ನಷ್ಟವನ್ನು ತಾಳಿಕೊಂಡು ರಿಯಾಯಿತಿ ಕೊಡಬಲ್ಲುದು. ಈ ಅಸಮತೆಯನ್ನು ಕಂಡೇ ಕೇಂದ್ರ ಸರಕಾರವು 2018ರ ಡಿಸೆಂಬರಿನಲ್ಲಿ ವಿದೇಶಿ ಬಂಡವಾಳದ ಮಾರಾಟತಾಣಗಳಿಗೆ ಬಿಗಿಯಾದ ನಿಯಮಗಳನ್ನು ಹೊರಡಿಸಿತು. ಅವು 2019ರ ಫೆಬ್ರವರಿ 1ರಿಂದ ಜಾರಿಗೆ ಬಂದುವು.

2020ರ ಮಾರ್ಚಿಯಲ್ಲಿ ಕೊರೋನಾದ ನಿರ್ಬಂಧ ಬಿದ್ದಾಗ ಎರಡು ಪದ್ಧತಿಗಳೂ ಪರೀಕ್ಷೆಗೆ ಗುರಿಯಾದುವು. ಮೊದಲ ದಿನಗಳಲ್ಲಿ ಮನೆಬಾಗಿಲ ವ್ಯಾಪಾರದ ದೊಡ್ಡ ಸಂಸ್ಥೆಗಳೇ ತಡವರಿಸಿದುವು. ಬೀದಿಯ ಅಂಗಡಿಯವನು ಅರ್ಧ ಕದ ತೆರೆದು ಅಕ್ಕಿ ಬೇಳೆ ಕೊಟ್ಟನು. ತಿಂಗಳುಗಳು ಕಳೆದಂತೆ, ಹೊರಗೆ ಹೋಗಲು ಹೆದರಿದವರಿಗೆ ಸರಕನ್ನು ಹೊತ್ತು ತಂದ ಹುಡುಗರು ಆಸರೆಯಾದರು. ಆಗ ಕಲಿತ ಅಭ್ಯಾಸವನ್ನು ಜನ ಮುಂದೆ ಬಿಡಲಿಲ್ಲ. ಕೆಲವು ಸಂಸ್ಥೆಗಳು ಹತ್ತೇ ನಿಮಿಷಗಳಲ್ಲಿ ಸರಕು ತಲಪಿಸುವುದಾಗಿ ಸಾರಿದುವು. ಆ ಹತ್ತು ನಿಮಿಷಗಳ ಭಾರವೆಲ್ಲ ದ್ವಿಚಕ್ರ ವಾಹನದ ಮೇಲಿರುವ ಹುಡುಗನ ಬೆನ್ನಿನ ಮೇಲಿದ್ದಿತು. ಅವನು ಯಾರ ನೌಕರನೂ ಅಲ್ಲ, ಸಂಸ್ಥೆಯ ಪಾಲುಗಾರನೆಂದು ಕಾಗದದಲ್ಲಿ ಬರೆಯಲಾಗಿದ್ದಿತು. 2025ರಲ್ಲಿ ಕರ್ನಾಟಕ ಸರಕಾರವು ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಶಾಸನವನ್ನು ಮಾಡಿ, ಅವರಿಗೆ ಕೊಡುವ ಪ್ರತಿಫಲದ ಮೇಲೆ ಸಂಸ್ಥೆಗಳಿಂದ ನೂರಕ್ಕೆ 1ರಿಂದ 5ರವರೆಗೆ ಕ್ಷೇಮನಿಧಿಯ ಶುಲ್ಕವನ್ನು ವಿಧಿಸಲು ದಾರಿಮಾಡಿತು.

ಅದೇ ವರ್ಷದ ಜುಲೈಯಲ್ಲಿ ಅಂಗಡಿಯವರಿಗೂ ಒಂದು ತಳಮಳ ಬಂದಿತು. ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಳಿಗೆ ಮೀರಿ ಸರಕು ಮಾರುವವರು ಜಿ.ಎಸ್.ಟಿ. ನೋಂದಣಿ ಮಾಡಿಸಬೇಕೆಂಬುದು ನಿಯಮ. ಅದನ್ನರಿಯದ ಅನೇಕರು ಬೆದರಿ, ಹಣ ತೆರುವ ಚೌಕದ ಚಿತ್ರವನ್ನು ಗೋಡೆಯಿಂದ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಭೆ ತಣ್ಣಗಾಯಿತು. ಲೆಕ್ಕವಿಡುವ ಗುಮಾಸ್ತನಿಲ್ಲದ ಅಂಗಡಿಗೂ ನೂರಾರು ಗುಮಾಸ್ತರಿರುವ ಸಂಸ್ಥೆಗೂ ಒಂದೇ ಕಾಯಿದೆ ಒಂದೇ ತೂಕದಲ್ಲಿ ಬೀಳುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಎರಡನ್ನೂ ಹೊಂದಿಸುವ ಪ್ರಯತ್ನಗಳು ನಡೆಯದೆ ಇಲ್ಲ. ನೆರೆಯ ಅಂಗಡಿಗಳೇ ಅಂತರ್ಜಾಲದಲ್ಲಿ ಮಾರುವಂತೆ ಮಾಡಲು ಕೇಂದ್ರ ಸರಕಾರದ ಪ್ರೋತ್ಸಾಹದಿಂದ ಹುಟ್ಟಿದ ಒ.ಎನ್.ಡಿ.ಸಿ. ಎಂಬ ಜಾಲವು 2022ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ಮೊದಲು ತೆರೆದದ್ದು ಬೆಂಗಳೂರಿನಲ್ಲಿಯೇ. ಅದಕ್ಕೂ ಮುಂಚೆಯೇ ಅನೇಕ ಅಂಗಡಿಯವರು ದೂರವಾಣಿಯಲ್ಲಿ ಪಟ್ಟಿ ಬರೆದುಕೊಂಡು, ಹುಡುಗನ ಕೈಯಲ್ಲಿ ಸಾಮಾನು ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಸರಕೂ ಮನೆಗೆ ಬಂದಿತು, ಹಣವೂ ಬೀದಿಯಲ್ಲಿಯೇ ಉಳಿಯಿತು.

ಅಂಗಡಿಗೆ ಹೋಗುವುದು ಮೇಲೋ, ಬಾಗಿಲಿಗೆ ತರಿಸುವುದು ಮೇಲೋ ಎಂದು ಕೇಳಿದರೆ ಇತಿಹಾಸವು ಒಂದು ಪಕ್ಷಕ್ಕೆ ನಿಲ್ಲುವುದಿಲ್ಲ. ಎರಡೂ ಈ ನಾಡಿನಲ್ಲಿ ಬಹುಕಾಲ ಒಟ್ಟಿಗೆ ಬಾಳಿದುವು. ಅಂಚೆಯವನು ಪುಸ್ತಕ ತಂದುದರಿಂದ ಪೇಟೆಯ ಅಂಗಡಿ ಮುಚ್ಚಲಿಲ್ಲ, ಏಕೆಂದರೆ ಪೇಟೆಗೆ ಊರಿನಲ್ಲಿ ತನ್ನ ಜಾಗವಿದ್ದಿತು. ಹೊರವಲಯದಲ್ಲಿ ಆ ಜಾಗವನ್ನು ಯಾರೂ ಕೊಡಲಿಲ್ಲ. ಈಗ ಮೆಟ್ರೋ ರೈಲು ಪೀಣ್ಯಕ್ಕೂ ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಬಂದಿದೆ. ನಿಲ್ದಾಣಗಳ ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಅವುಗಳ ನಕ್ಷೆ ಬರೆಯುವವರು ಹತ್ತು ಮಳಿಗೆಗಳ ಒಂದು ಬೀದಿಗೂ, ಅಲ್ಲಿಗೆ ನಡೆದು ಹೋಗುವ ಕಾಲುದಾರಿಗೂ ಎಡೆಮಾಡಿದರೆ ಅದೊಂದು ಉಪಕಾರ. ಕೊಳ್ಳುವವರು ಮಾಡಬಹುದಾದುದು ಇನ್ನೂ ಸಣ್ಣದು: ಬೀದಿಯಲ್ಲಿ ಸಿಗದುದನ್ನು ದೂರದಿಂದ ತರಿಸಿಕೊಂಡು, ತಿಂಗಳ ಅಕ್ಕಿ ಬೇಳೆಗಳನ್ನು ಬೀದಿಯ ಅಂಗಡಿಯಲ್ಲಿ ನಗದು ಕೊಟ್ಟು ಕೊಂಡರೆ, ಅದೇ ಅಂಗಡಿಯ ಪುಸ್ತಕದಲ್ಲಿ ತಿಂಗಳ ಕೊನೆಯವರೆಗೆ ಇನ್ನೊಬ್ಬನ ಹೆಸರು ಉಳಿದುಕೊಳ್ಳುವುದು.